ನೀರು ಕುಡಿದ ಕಾಗದ

ನನ್ನ ತಮ್ಮ ಹಾಲೇಶ ಲೆಕ್ಕ ತಪ್ಪಿರಲಿಲ್ಲ. ಅವನಿಗೆ ತಪ್ಪು ಲೆಕ್ಕ ಕೊಟ್ಟವಳು ನಾನು — ಅವನ ಒಡಹುಟ್ಟಿದ ಅಕ್ಕ, ಬಸಮ್ಮ. ಅರಿಯದೆ ಕೊಟ್ಟೆ ಎನ್ನುವ ಹಾಗಿದ್ದರೆ ಇಷ್ಟು ವರ್ಷ ಇದನ್ನು ಬಚ್ಚಿಡುವ ಅಗತ್ಯ ಇರುತ್ತಿರಲಿಲ್ಲ. ಗೊತ್ತಿದ್ದೇ ಕೊಟ್ಟೆ. ಆಮೇಲೆ, ಒಂದು ತುಂಬಿದ ಸಭೆಯಲ್ಲಿ ಅವನು ನನ್ನ ಮುಖ ನೋಡುತ್ತ ನಿಂತಿದ್ದಾಗ, ತಪ್ಪು ಅವನದೇ ಎಂದೆ. ಅವನು ಅದನ್ನು ನಂಬಿದ. ಬೇರೆಯವರು ನಂಬಿದ್ದು ಹೋಗಲಿ — ಅವನೇ ನಂಬಿಬಿಟ್ಟ.

ನಮ್ಮ ಅಪ್ಪನದು ಚನ್ನಗಿರಿಯಲ್ಲಿ ರದ್ದಿ ಕಾಗದದ ಅಂಗಡಿ. ಊರಿನವರು ಅಪ್ಪನನ್ನು ರದ್ದಿ ರುದ್ರಪ್ಪ ಎಂದೇ ಕರೆಯುತ್ತಿದ್ದರು. ಅವ್ವ ತೀರಿಕೊಂಡಾಗ ನಾನು ನಾಲ್ಕನೇ ಕ್ಲಾಸು ಮುಗಿಸಿದ್ದೆ, ಹಾಲೇಶ ಇನ್ನೂ ಸ್ಲೇಟು ಹಿಡಿಯುತ್ತಿದ್ದ. ನಾನು ಶಾಲೆ ಬಿಟ್ಟು ಅಂಗಡಿಯ ಹಿಂದಿನ ಗೋದಾಮಿನಲ್ಲಿ ಕಾಗದ ಆರಿಸಲು ಕೂತೆ. ಬರೆದ ನೋಟ್‌ಬುಕ್ಕು ಒಂದು ರಾಶಿ, ಸುದ್ದಿಪತ್ರಿಕೆ ಒಂದು ರಾಶಿ, ರಟ್ಟು ಒಂದು ರಾಶಿ. ಹೊನ್ನಾಳಿ ಮತ್ತು ನ್ಯಾಮತಿಯ ಕಾಗದವನ್ನು ಹೊನ್ನಾಳಿಯ ಬಾಷಾ ಸಾಬರು ಬಸ್ಸಿನ ಮೇಲೆ ಹೇರಿ ತರುತ್ತಿದ್ದರು. ಜಗಳೂರಿನದು ವಾರಕ್ಕೊಮ್ಮೆ ಲಾರಿಯಲ್ಲಿ ಬರುತ್ತಿತ್ತು. ಕೈಯಲ್ಲಿ ಹಿಡಿದರೆ ಸಾಕು, ಯಾವುದು ಯಾವ ಊರಿನದೆಂದು ಹೇಳುತ್ತಿದ್ದೆ. ಹೊನ್ನಾಳಿಯದು ಮೆತ್ತಗೆ, ಹೊಳೆಯ ಗಾಳಿ ಕುಡಿದದ್ದು. ಜಗಳೂರಿನದು ಹಪ್ಪಳದ ಹಾಗೆ ಗರಿಗರಿ, ಮಡಚಿದರೆ ಮುರಿಯುತ್ತಿತ್ತು.

ಎಲ್ಲವನ್ನೂ ಒತ್ತಿ, ಹಗ್ಗ ಬಿಗಿದು, ಪೆಂಡಿ ಕಟ್ಟಿ ಕಾಗದದ ಗಿರಣಿಗೆ ಕಳಿಸುತ್ತಿದ್ದೆವು. ಕಟ್ಟುವ ಮೊದಲು ಒಂದು ಕೆಲಸ ಇತ್ತು. ಒಂದು ಪದರ ಕಾಗದ ಹಾಸು, ಕೈಯದ್ದಿ ನೀರು ಚಿಮುಕಿಸು. ಮತ್ತೊಂದು ಪದರ, ಮತ್ತೆ ನೀರು. ಮೇಲಿನ ಪದರಕ್ಕೂ ಅಂಚಿಗೂ ಮಾತ್ರ ಹನಿ ಬೀಳಬಾರದು. ಇದಕ್ಕೆ ನಮ್ಮ ಕಸುಬಿನಲ್ಲಿ ಕಾಗದಕ್ಕೆ ನೀರು ಕುಡಿಸುವುದು ಎನ್ನುತ್ತಾರೆ. ತೂಕ ಬರಲೆಂದು ಎಲ್ಲರೂ ಕುಡಿಸುತ್ತಿದ್ದರು. ಗಿರಣಿಯವರಿಗೂ ಗೊತ್ತು. ಅವರು ತೇವಕ್ಕೆಂದು ತೂಕದಲ್ಲಿ ಇಷ್ಟೆಂದು ಹಿಡಿದು ಕಳೆಯುತ್ತಿದ್ದರು. ಅವರು ಹಿಡಿಯುತ್ತಾರೆಂದು ನಾವು ಇನ್ನಷ್ಟು ಕುಡಿಸುತ್ತಿದ್ದೆವು, ನಾವು ಕುಡಿಸುತ್ತೇವೆಂದು ಅವರು ಮರುವರ್ಷ ಇನ್ನಷ್ಟು ಹಿಡಿಯುತ್ತಿದ್ದರು. ಎಪ್ಪತ್ನಾಲ್ಕರಲ್ಲಿ ಒಂದು ಪೆಂಡಿಗೆ ಕೈಚೆಂಬಿನ ನೀರು ಸಾಕಾಗುತ್ತಿತ್ತು. ಎಂಬತ್ತರ ಹೊತ್ತಿಗೆ ಕೊಡ ತಂದಿಟ್ಟುಕೊಂಡೇ ಕೂರುತ್ತಿದ್ದೆವು.

"ಜಗಳೂರಿನ ಕಾಗದ ನೋಡ್ರಿ ಬಸಮ್ಮಾರೇ," ಎಂದು ಬಾಷಾ ಸಾಬರು ನಗುತ್ತಿದ್ದರು. "ಆ ಊರಾಗೆ ಮನುಷ್ಯಾರಿಗೇ ನೀರಿಲ್ಲ, ಇನ್ನು ಕಾಗದಕ್ಕೆ ಎಲ್ಲಿ? ಇಲ್ಲಿಗೆ ಬಂದು ಹೊಟ್ಟೆ ತುಂಬ ಕುಡೀತೈತೆ. ಪುಣ್ಯ ಬರ್ತೈತೆ ನಿಮಗೆ."

ಹಾಲೇಶನಿಗೆ ಮಾತ್ರ ಇದು ಗೊತ್ತಿರಲಿಲ್ಲ. ಚಿಕ್ಕವನಿದ್ದಾಗಲೇ ಅಪ್ಪ ಅವನನ್ನು ದಾವಣಗೆರೆಯ ಹಾಸ್ಟೆಲಿಗೆ ಹಾಕಿದ್ದರು. ರಜೆಗೆ ಬಂದರೆ ಗೋದಾಮಿನೊಳಗೆ ಬಿಡುತ್ತಿರಲಿಲ್ಲ. "ಓದೋ ಹುಡುಗ, ಅವನ ಕಿವಿಗೆ ಇದು ಬೀಳಬಾರದು," ಎಂದು ಅಪ್ಪ ನನಗೆ ಹೇಳಿದ್ದರು. "ನಾಳೆ ನಾಲ್ಕು ಜನದಾಗೆ ತಲೆ ಎತ್ತಿ ಮಾತಾಡೋನು. ಅಪ್ಪ ಕಳ್ಳತೂಕದೋನು ಅಂತ ಅವನಿಗೆ ಅನ್ನಿಸಬಾರದು ನೋಡು." ಅಪ್ಪ ಪಾರ್ಶ್ವವಾಯು ಬಡಿದು ಮಾತು ನಿಂತು ಹಾಸಿಗೆ ಹಿಡಿದ ಮೇಲೆ ಅಂಗಡಿ ನನ್ನ ಕೈಗೆ ಬಂತು. ಆ ಮಾತೂ ಬಂತು. ಆದರೆ ಅಪ್ಪನ ಮಾತಿಗೆ ಕಟ್ಟುಬಿದ್ದು ಸುಮ್ಮನಿದ್ದೆ ಎಂದರೆ — ಅದು ಸುಳ್ಳಾಗುತ್ತದೆ. ಅಪ್ಪ ಹೇಳಬೇಡ ಎಂದಿದ್ದರು, ಅಷ್ಟೇ. ಸುಳ್ಳು ಹೇಳು ಎಂದಿರಲಿಲ್ಲ.

ಹಾಲೇಶ ಎಂ.ಎ. ಮಾಡಿ ಕಾಲೇಜೊಂದರಲ್ಲಿ ತಾತ್ಕಾಲಿಕ ಕೆಲಸಕ್ಕಿದ್ದ. ಎಂಬತ್ತೆರಡರ ಬೇಸಿಗೆಯಲ್ಲಿ ಮನೆಗೆ ಬಂದವನು ಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದು ನನ್ನ ಮುಂದೆ ಬಿಡಿಸಿದ. ಜಪಾನ್ ದೇಶದಲ್ಲಿ ವರ್ಷ ವರ್ಷ ಎಷ್ಟು ಹಳೆ ಕಾಗದ ಮರಳಿ ಗಿರಣಿಗೆ ಬಂತು ಎಂಬ ಪಟ್ಟಿ ಅದರಲ್ಲಿತ್ತು. ಅಲ್ಲಿ ಹಳೆ ಪೇಪರಿನವನು ಗಾಡಿ ತಂದು ಕೂಗುತ್ತಾನಂತೆ, ಹಳೇದು ಕೊಟ್ಟವರಿಗೆ ಹೊಸ ಕಾಗದದ ಸುರುಳಿ ಕೊಡುತ್ತಾನಂತೆ.

ನನ್ನ ಜೊತೆ ಕಾಗದ ಆರಿಸುತ್ತಿದ್ದ ಹನುಮಕ್ಕ ಬಾಯಿ ಬಿಟ್ಟಳು. "ಕಾಗದ ಕೊಟ್ಟು ಕಾಗದ ಇಸ್ಕಂತಾರಾ? ಎಂಥ ಪೆದ್ದ ಜನ ಅಪ್ಪಾ! ನಮ್ಮಾಗೆ ಬಾಷಾ ಸಾಬ್ರು ಬೆಳ್ಳುಳ್ಳಿ ಕೊಡ್ತಾರೆ, ಸಾರಿಗಾದ್ರೂ ಆಗ್ತೈತೆ."

ಹಾಲೇಶ ನಕ್ಕ. ಆಮೇಲೆ ನನ್ನ ಕಡೆ ತಿರುಗಿದ. ನಮ್ಮ ದೇಶದ ಲೆಕ್ಕವೂ ಪುಸ್ತಕದಲ್ಲಿದೆ, ಆದರೆ ಅದು ದೊಡ್ಡ ಗಿರಣಿಗಳು ಹೇಳಿದ್ದು, ನಮ್ಮಂಥ ಸಣ್ಣ ಊರಿನ ಅಂಗಡಿಗಳ ಕಾಗದ ಅದರಲ್ಲಿ ಸೇರೇ ಇಲ್ಲ ಎಂದ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು — ಈ ನಾಲ್ಕೂರಿನ ಲೆಕ್ಕ ನಮ್ಮ ಮನೆಯಲ್ಲೇ ಇದೆ, ಅದನ್ನು ಜಪಾನಿನ ಪಕ್ಕ ಇಟ್ಟು ನೋಡಬೇಕು ಎಂದ.

"ಅವರೆಲ್ಲಿ, ನಾವೆಲ್ಲಿ ಹಾಲೇಶಿ?" ಎಂದೆ.

"ರಾಶಿ ಹೋಲಿಸಲ್ಲ ಅಕ್ಕ. ಬೆಳವಣಿಗೆ ಹೋಲಿಸ್ತೀನಿ. ಅವರದು ಆನೆ, ನಮ್ಮದು ಕರು. ಹೋದ ವರ್ಷಕ್ಕಿಂತ ಈ ವರ್ಷ ಯಾರು ಎಷ್ಟು ಬೆಳೆದ್ರು ಅನ್ನೋದು ಲೆಕ್ಕ. ಕರು ಬೇಗ ಬೆಳೀತೈತೆ ಅಂತ ತೋರಿಸ್ತೀನಿ ನೋಡು."

ನಮ್ಮಲ್ಲಿ ಎರಡು ಲೆಕ್ಕ ಇತ್ತು. ಹಳ್ಳಿಯವರು, ಸಾಬರು ತಂದ ಒಣ ಕಾಗದದ ತೂಕವನ್ನು ಪಾಟಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಸಂಜೆಗೆ ಒರೆಸಿಬಿಡುತ್ತಿದ್ದೆವು. ಲಾರಿಗೆ ಹೇರುವಾಗ ತೂಗಿದ್ದನ್ನು, ಎಂದರೆ ನೀರು ಕುಡಿದ ಮೇಲಿನ ತೂಕವನ್ನು, ಕೆಂಪು ಬಟ್ಟೆ ಹೊದಿಸಿದ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ನಿಜವಾದ ತೂಕ ದಿನಾ ಅಳಿಸಿಹೋಗುತ್ತಿತ್ತು. ಉಳಿದದ್ದು ಆ ಪುಸ್ತಕ. ಅದನ್ನೇ ಅವನ ಕೈಗೆ ಕೊಟ್ಟೆ.

ನನ್ನ ಬರಹ ತಿಳಿಯದ ಕಡೆ ನಾನು ಓದಿ ಹೇಳುತ್ತ ಹೋದೆ, ನಾಲ್ಕು ದಿನ ಕೂತು ಅವನು ಎಂಟು ವರ್ಷದ ತೂಕ ಬರೆದುಕೊಂಡು ಕೂಡಿದ. ಒಂದು ಚೌಕುಳಿ ಕಾಗದದ ಮೇಲೆ ಎರಡು ಗೆರೆ ಎಳೆದ. ಕೆಂಪು ಗೆರೆ ಜಪಾನಿನದು — ನಿಧಾನಕ್ಕೆ ಏರಿ, ನಡುವೆ ಒಂದು ಕಡೆ ಕೆಳಗೆ ಬಾಗಿ, ಮತ್ತೆ ಏರಿತ್ತು. ನೀಲಿ ಗೆರೆ ನಮ್ಮದು. ಅದು ಎಲ್ಲೂ ಬಾಗಲಿಲ್ಲ. ವರ್ಷ ವರ್ಷ ಮೇಲಕ್ಕೆ, ಇನ್ನೂ ಮೇಲಕ್ಕೆ. ಅವನು ನನ್ನನ್ನು ಕರೆದು ತೋರಿಸಿದ. ಆ ಎಂಟು ವರ್ಷದಲ್ಲಿ ಬಾಷಾ ಸಾಬರ ಮೂಟೆ ಹೆಚ್ಚಾಗಿರಲಿಲ್ಲ. ಹನುಮಕ್ಕನ ಜೊತೆ ಇನ್ನೊಬ್ಬಳನ್ನು ಕೂರಿಸುವಷ್ಟು ಕೆಲಸ ಎಂದೂ ಬಂದಿರಲಿಲ್ಲ. ಹೆಚ್ಚಾದದ್ದು ಏನೆಂದು ನನಗೆ ಗೊತ್ತಿತ್ತು. ಜಪಾನನ್ನು ಹಿಂದೆ ಹಾಕಿದ ಆ ಗೆರೆ ನಮ್ಮ ಹಿತ್ತಲ ಬಾವಿಯ ನೀರು.

ಅವನು ಆಗ ಕೇಳಿದ. ಕೇಳಲಿಲ್ಲ ಎಂದು ಹೇಳಿಕೊಳ್ಳಲೂ ನನಗೆ ದಾರಿಯಿಲ್ಲ — ಸರಿಯಾಗಿ, ಬಿಡಿಸಿ, ಕಣ್ಣಿಟ್ಟು ಕೇಳಿದ.

"ಅಕ್ಕ, ಈ ತೂಕ ಎಲ್ಲ ಒಣ ಕಾಗದದ್ದೇ ಅಲ್ವಾ? ಮಳೆಗಿಳೆಗೆ ನೆನೆದದ್ದು ಸೇರಿಲ್ಲ ತಾನೆ?"

"ಹೂಂ. ಒಣದೇ," ಎಂದೆ.

ಎರಡು ಮಾತು. ಆ ಎರಡು ಮಾತಿಗೆ ಎಷ್ಟು ಹೊತ್ತು ಬೇಕು? ಅವನು ಪೆನ್ಸಿಲು ತೆಗೆದು ಗೆರೆಯ ಕೆಳಗೆ 'ಒಣ ತೂಕ' ಎಂದು ದುಂಡಗೆ ಬರೆದ. ಅವನ ಮುಖ ನೋಡಬೇಕಿತ್ತು — ಇಷ್ಟು ದಿನ ರದ್ದಿ ರುದ್ರಪ್ಪನ ಮಗ ಎಂದು ಹಾಸ್ಟೆಲಿನಲ್ಲಿ ಚುಚ್ಚಿಸಿಕೊಂಡವನು ಅಂದು ಮೊದಲ ಸಲ ನಮ್ಮ ಕಸುಬನ್ನು ಹೆಮ್ಮೆಯಿಂದ ನೋಡುತ್ತಿದ್ದ. "ಈ ನೀಲಿ ಗೆರೆ ನಿಂದೇ ಅಕ್ಕ. ನೀನು ಕೂತು ಆರಿಸಿದ ಕಾಗದ," ಎಂದ. ನನಗೆ ಅದು ಬೇಕಾಗಿತ್ತು. ಯಾರೂ ನನ್ನದು ಎಂದು ಏನನ್ನೂ ತೋರಿಸಿರಲಿಲ್ಲ. ಹೇಳಿದರೆ ಆ ಮುಖ ಆರಿಹೋಗುತ್ತದೆ ಎಂಬ ಹೆದರಿಕೆ ಒಂದು ಕಡೆ. ನನ್ನ ಗೆರೆ ಉಳಿಯಲಿ ಎಂಬ ಆಸೆ ಇನ್ನೊಂದು ಕಡೆ. ಯಾವುದು ದೊಡ್ಡದಿತ್ತು — ಈಗಲೂ ಕೇಳಿಕೊಳ್ಳುತ್ತೇನೆ. ಉತ್ತರ ಒಳ್ಳೆಯದಲ್ಲ.

ಆ ಗೆರೆಗಳ ಮೇಲೆ ಅವನು ಬರೆದ ಬರಹವನ್ನು ಎಂ.ಎ.ಯಲ್ಲಿ ಕಲಿಸಿದ ಅವನ ಮೇಷ್ಟ್ರು ಮೆಚ್ಚಿದರು. ಗಿರಣಿಯವರು, ವ್ಯಾಪಾರಸ್ಥರು, ಕಾಲೇಜಿನವರು ಸೇರುವ ಒಂದು ಸಭೆಯಲ್ಲಿ ಓದಬೇಕು, ಚೆನ್ನಾಗಿ ಬಂದರೆ ಮುಂದಿನ ಸಂಶೋಧನೆಗೆ ತಮ್ಮ ಕೈಕೆಳಗೇ ಜಾಗ ಕೊಡಿಸುತ್ತೇನೆ ಎಂದರು. ಹಾಲೇಶನಿಗೆ ಬೇಕಾಗಿದ್ದುದು ಅದೊಂದೇ. ಸಭೆಗೆ ಮುಂಚೆ ಒಂದು ದಿನದ ತೂಕವನ್ನು ತಾನೇ ಕಣ್ಣಾರೆ ನೋಡಬೇಕು, ಪುಸ್ತಕದ ತೂಕಕ್ಕೆ ತಾಳೆ ಬರುತ್ತದೋ ನೋಡಬೇಕು ಎಂದು ಕಾಗದ ಬರೆದ.

ಆ ಕಾಗದ ಬಂದ ದಿನದಿಂದ ನನಗೆ ಅನ್ನ ಸೇರಲಿಲ್ಲ. ಒಣ ಪೆಂಡಿ ತೂಗಿದರೆ ಪುಸ್ತಕಕ್ಕೂ ತಕ್ಕಡಿಗೂ ತಾಳೆಯಾಗುವುದಿಲ್ಲ. ಹೇಳಿಬಿಡಲು ಇದೇ ಹೊತ್ತು — ಅವನೇ ಬಾಗಿಲು ತೆರೆದುಕೊಟ್ಟಿದ್ದ. ನಾನು ಮಾಡಿದ್ದೇನು? ಹಿಂದಿನ ದಿನ ಹನುಮಕ್ಕನನ್ನು ಬೇಗ ಮನೆಗೆ ಕಳಿಸಿ, ಅವನು ತೂಗಬೇಕಾದ ಹತ್ತು ಪೆಂಡಿಗೂ ನಾನೊಬ್ಬಳೇ ಕೂತು, ತಕ್ಕಡಿ ನೋಡುತ್ತ, ಪುಸ್ತಕದ ತೂಕ ಬರುವಷ್ಟು ನೀರು ಕುಡಿಸಿದೆ. ಅಂಚು ಒಣಗಿಯೇ ಇರಲೆಂದು ಅದಕ್ಕೆ ಜಗಳೂರಿನ ಗರಿ ಕಾಗದವನ್ನೇ ಆರಿಸಿ ಹೊದಿಸಿದೆ. ಕೆಲಸ ಎಲ್ಲೂ ಕೆಡಲಿಲ್ಲ.

ಅವನು ಬಂದ, ತೂಗಿದ, ತಾಳೆ ಬಂತು. ಕೊನೆಯ ಪೆಂಡಿಯ ಮೇಲೆ ಅಂಗೈಯಿಟ್ಟ.

"ತಣ್ಣಗೈತಲ್ಲ ಅಕ್ಕ?"

"ಹೆಂಚಿನ ಕೆಳಗೆ ಇಟ್ಟಿದ್ದು. ನೆರಳಿಗೆ ತಣ್ಣಗಾಗ್ತೈತೆ," ಎಂದೆ.

"ಹೌದಾ," ಎಂದು ಕೈ ತೆಗೆದ. ಹನುಮಕ್ಕ ನನ್ನ ಮುಖ ನೋಡಿದಳು, ಅವನ ಮುಖ ನೋಡಿದಳು, ತಲೆ ತಗ್ಗಿಸಿ ರಟ್ಟು ಆರಿಸತೊಡಗಿದಳು. ಅವನು ಹೋದ ಮೇಲೆ ಒಂದೇ ಮಾತು ಹೇಳಿದಳು. "ಗಿರಣಿಗೆ ಮಾಡೋದು ಬ್ಯಾರೆ ಕಣವ್ವ. ತಮ್ಮನಿಗೆ ಮಾಡಬಾರದಿತ್ತು."

ನಾನು ಅವಳ ಮೇಲೆ ರೇಗಿದೆ. ಕೆಲಸ ನೋಡು, ನಿನಗ್ಯಾಕೆ ದೊಡ್ಡ ಮಾತು ಎಂದೆ. ಅದಾದ ಮೇಲೆ ಸಭೆಯವರೆಗಿನ ದಿನಗಳು ಹೇಗೆ ಹೋದವೋ. ಸಾಬರ ಬಸ್ಸಿನ ಹಾರನ್ನು ಕೇಳಿದರೂ ಬೆಚ್ಚುತ್ತಿದ್ದೆ. ಅಂಚೆಯವನು ಬೀದಿ ದಾಟಿ ಹೋಗುವವರೆಗೆ ಬಾಗಿಲ ಮರೆಗೆ ನಿಲ್ಲುತ್ತಿದ್ದೆ. ನಾಳೆ ಹೇಳುತ್ತೇನೆ ಎಂದುಕೊಂಡು ಏಳುತ್ತಿದ್ದೆ. ಎರಡು ಸಲ ದಾವಣಗೆರೆ ಬಸ್ಸು ಹತ್ತಿ ಕೂತೆ ಕೂಡ. ಒಮ್ಮೆ ಸಂತೇಬೆನ್ನೂರಿನವರೆಗೂ ಹೋಗಿ, ಇಳಿದು, ಮರಳಿ ಬಂದೆ. ಏನೆಂದು ಶುರು ಮಾಡುವುದು? ಹಾಲೇಶಿ, ನಿನ್ನ ಗೆರೆ — ಅಲ್ಲಿಗೇ ನಿಲ್ಲುತ್ತಿತ್ತು.

ಸಭೆಗೆ ನಾನೂ ಬರಬೇಕೆಂದು ಅವನೇ ಹಟ ಹಿಡಿದ. ಹೊಸ ಸೀರೆ ಉಟ್ಟು ಹಿಂದಿನ ಬೆಂಚಿನಲ್ಲಿ ಕೂತೆ. ಅವನು ಎದ್ದು ನಿಂತು ಓದಿದ. ಎಷ್ಟು ಚೆನ್ನಾಗಿ ಓದಿದ! ಗೋಡೆಗೆ ಆ ಎರಡು ಗೆರೆಯ ಹಾಳೆ ಅಂಟಿಸಿದ್ದರು. ಜನ ಕತ್ತು ಚಾಚಿ ನೋಡಿದರು. ಓದು ಮುಗಿದಾಗ ಮುಂದಿನ ಸಾಲಿನಿಂದ ಒಬ್ಬ ವಯಸ್ಸಾದವರು ಎದ್ದರು. ಗಿರಣಿಯಲ್ಲಿ ರದ್ದಿ ಇಳಿಸಿಕೊಳ್ಳುವವರು. ನಮ್ಮ ಪೆಂಡಿಗಳನ್ನೂ ಕಂಡವರು.

"ಚೆಂದ ಓದಿದ್ರಿ ಮೇಷ್ಟ್ರೇ," ಎಂದರು. "ಒಂದು ಸಣ್ಣ ಪ್ರಶ್ನೆ. ಈ ನೀಲಿ ಗೆರೆಯಾಗೆ ನೀರು ಎಷ್ಟು ಕಳೆದ್ರಿ?"

"ನೀರು ಯಾಕೆ ಸರ್? ಇದು ಒಣ ತೂಕ."

"ಒಣ ತೂಕ!" ಅವರು ಸಭೆಯ ಕಡೆ ತಿರುಗಿದರು. "ಚನ್ನಗಿರಿ ಪೆಂಡಿ ಹಿಂಡಿದ್ರೆ ನಮ್ಮ ಗಿರಣಿ ತೋಟಕ್ಕೆ ಆಗ್ತೈತೆ ರೀ. ಇವರು ಅದನ್ನ ಜಪಾನ್ ಜೊತಿಗೆ ಓಡಿಸ್ಯಾರೆ!"

ಸಭೆ ಗೊಳ್ಳೆಂದು ನಕ್ಕಿತು. ಯಾರೋ, "ಕಾಗದ ಬೆಳೆದಿಲ್ಲ, ಬಾವಿ ಬೆಳೆದೈತೆ," ಎಂದರು. ಇನ್ನೂ ನಗು. ಹಾಲೇಶ ಮಾತ್ರ ನಗುವವರನ್ನು ನೋಡಲಿಲ್ಲ. ಹಿಂದಿನ ಬೆಂಚಿನಲ್ಲಿದ್ದ ನನ್ನನ್ನು ಹುಡುಕಿದ. "ನಮ್ಮ ಅಕ್ಕನೇ ಬರೆದಿಟ್ಟ ಲೆಕ್ಕ ಸರ್. ಇಲ್ಲೇ ಇದಾರೆ. ಕೇಳಿ ಬೇಕಾದ್ರೆ. ಅಕ್ಕ, ಹೇಳು."

ಎಲ್ಲರೂ ತಿರುಗಿದರು. ಅವನ ಮುಖದಲ್ಲಿ ಅನುಮಾನ ಇರಲಿಲ್ಲ. ಇದ್ದಿದ್ದರೆ ಒಂದು ವೇಳೆ ನಾನು ನಿಜ ಹೇಳುತ್ತಿದ್ದೆನೋ ಏನೋ — ಇಲ್ಲ, ಹಾಗೆಂದು ಬರೆಯಬಾರದು. ನನಗೆ ಗೊತ್ತಿಲ್ಲ. ಎದ್ದು ನಿಂತೆ. ಹೊರಬಿದ್ದ ಮಾತು ಇದು:

"ನಂಗೇನು ತಿಳೀತೈತೆ ರೀ? ನಾನು ನಾಲ್ಕನೇ ಕ್ಲಾಸು. ನಾನು ಸರಿಯಾಗೇ ಹೇಳಿದ್ದೆ. ಅವನೇ ಬರ್ಕಳಾಕೆ ಹೋಗಿ ತಪ್ಪಿರಬೇಕು."

ಹಾಲೇಶ ಕೈಯಲ್ಲಿದ್ದ ಹಾಳೆಗಳನ್ನು ನೋಡಿಕೊಂಡ. "ಇರಬಹುದು," ಎಂದ. "ನನ್ನಿಂದಲೇ ತಪ್ಪಾಗಿರಬಹುದು. ಕ್ಷಮಿಸಿ." ಅವನ ಮೇಷ್ಟ್ರು ಕೂತುಕೋ ಎಂದು ಸನ್ನೆ ಮಾಡಿದರು, ಮುಂದಿನವರನ್ನು ಕರೆದರು. ಗೋಡೆಯ ಹಾಳೆಯನ್ನು ಅವನೇ ಹೋಗಿ, ಅಂಚು ಹರಿಯದ ಹಾಗೆ ನಿಧಾನವಾಗಿ ಬಿಡಿಸಿಕೊಂಡ.

ಬಸ್ಸಿನಲ್ಲಿ ಅವನು ನನ್ನ ಮೇಲೆ ಸಿಟ್ಟಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಪೆಂಡಿಯನ್ನು ತಾನೇ ತೂಗಿ ನೋಡಿದ್ದರಿಂದ ನೀರಿನ ಮಾತನ್ನು ಅವನು ನಂಬಿರಲಿಲ್ಲ, ಗೆರೆ ಏರಿದ್ದು ತನ್ನ ಕೈತಪ್ಪಿನಿಂದ ಎಂದುಕೊಂಡಿದ್ದ. ಅವನು ಕೇಳಿದ್ದು, "ಅಕ್ಕ, ನೀನು ಹೇಳುವಾಗ ನಾನು ಎಲ್ಲಿ ತಪ್ಪಿದೆ? ಯಾವ ವರ್ಷದ್ದು ನೆನಪೈತಾ?" ನಾನು ಕಿಟಕಿಯಾಚೆ ನೋಡಿದೆ. ಆಮೇಲೆ ಒಂದು ತಿಂಗಳು ಅವನು ಆ ಕೆಂಪು ಪುಸ್ತಕ ಬಿಟ್ಟು ಏಳಲಿಲ್ಲ. ಕೂಡುವುದು, ಅಳಿಸುವುದು, ಮತ್ತೆ ಕೂಡುವುದು. ಸಿಕ್ಕದ ತಪ್ಪನ್ನು ಹುಡುಕುವುದು. ತಪ್ಪು ಪಕ್ಕದಲ್ಲೇ ಕೂತು ಅವನಿಗೆ ಚಹಾ ಕೊಡುತ್ತಿತ್ತು. ಅಪ್ಪ ಅದೇ ಮಳೆಗಾಲದಲ್ಲಿ ತೀರಿಕೊಂಡರು. ಕಾಲೇಜಿನ ಕೆಲಸ ಮುಂದುವರಿಯಲಿಲ್ಲ, ಸಂಶೋಧನೆಯ ಮಾತು ಮತ್ತೆ ಯಾರೂ ಎತ್ತಲಿಲ್ಲ. ಅವನು ಜಗಳೂರಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ.

ಏಳು ವರ್ಷವಾಯಿತು. ಜಗಳೂರಿನಲ್ಲಿ ಅವನಿಗೊಂದು ಅಡ್ಡಹೆಸರಿದೆ — ಮರುತೂಕದ ಹಾಲೇಶಪ್ಪ. ಒಂದು ಅರ್ಜಿಯನ್ನು ನಾಲ್ಕು ಸಲ ಓದುತ್ತಾನೆ. ಬಾಗಿಲಿಗೆ ಬೀಗ ಹಾಕಿ ಬೀದಿ ತುದಿಯಿಂದ ಮರಳಿ ಬಂದು ಎಳೆದು ನೋಡುತ್ತಾನೆ. ತಾನು ಬರೆದ ಒಂದು ಅಂಕಿಯನ್ನು ಪಕ್ಕದವರಿಗೆ ತೋರಿಸಿ, "ಇದು ಏಳೇ ಅಲ್ವಾ?" ಎಂದು ಕೇಳುತ್ತಾನಂತೆ. ಇದನ್ನೆಲ್ಲ ಅವನ ಹೆಂಡತಿ ನಗುತ್ತ ಹೇಳುತ್ತಿದ್ದಳು. ಈ ವರ್ಷ ನಗು ಬಿಟ್ಟು ಹೇಳಿದಳು. ಕಚೇರಿಯಲ್ಲಿ ಅವನಿಗೆ ಮೇಲಿನ ಜಾಗ ಕೊಡಲು ಬಂದಾಗ ಅವನು ಬೇಡವೆಂದು ಬರೆದುಕೊಟ್ಟನಂತೆ. "ಲೆಕ್ಕ ನೋಡೋ ಕೆಲಸ ಅದು. ನನ್ನ ಕೈ ನಂಬೋ ಹಂಗಿಲ್ಲ," ಎಂದನಂತೆ.

ಆ ಮಾತು ಕೇಳಿದ ಮೇಲೆ ಇನ್ನು ಸುಮ್ಮನಿರಲು ನನ್ನಿಂದ ಆಗಲಿಲ್ಲ. ಹೋದ ಭಾನುವಾರ ಜಗಳೂರಿಗೆ ಹೋದೆ. ಅವನಿಗೆ ಹೇಳುವುದಷ್ಟೇ ಸಾಲದು, ಅಂದು ನಕ್ಕವರಿಗೂ ತಿಳಿಯಬೇಕೆಂದು ಈಗ ಬರೆಯುತ್ತಿದ್ದೇನೆ. ಆ ಸಭೆಯಲ್ಲಿದ್ದವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ತಿಳಿಯಿರಿ: ಆ ಹುಡುಗನ ಕೂಡಿಕೆ ಸರಿಯಿತ್ತು, ಅವನು ಕೇಳಿದ ಪ್ರಶ್ನೆ ಸರಿಯಿತ್ತು, ಅವನು ಮಾಡಿದ ತಪ್ಪು ಅಕ್ಕನನ್ನು ನಂಬಿದ್ದು ಒಂದೇ.

ಅವನು ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ನಾನು ನಿಂತೇ ಹೇಳಿದೆ. ಪಾಟಿ, ಕೊಡ, ಹತ್ತು ಪೆಂಡಿ, ಸಭೆ — ಯಾವುದನ್ನೂ ಬಿಡಲಿಲ್ಲ. ಅಪ್ಪನ ಮಾತನ್ನು ಮಾತ್ರ ಎತ್ತಲಿಲ್ಲ. ಅದನ್ನು ಎತ್ತಿದರೆ ಅರ್ಧ ಭಾರ ಸತ್ತವರ ಮೇಲೆ ಹಾಕಿದ ಹಾಗಾಗುತ್ತಿತ್ತು. ಹೇಳಿ ಮುಗಿಸಿದಾಗ ಬೈಗುಳಕ್ಕೆ ಕಾದೆ. ಹೊರಟುಹೋಗು ಎನ್ನಲಿ ಎಂದು ಕಾದೆ.

ಅವನು ತಲೆ ಎತ್ತದೆ ಕೇಳಿದ. "ಯಾವ ವರ್ಷ ಎಷ್ಟು ನೀರು ಹಾಕ್ತಿದ್ರಿ?"

ನನಗೆ ಮೊದಲು ಅರ್ಥವಾಗಲಿಲ್ಲ. ಅವನು ಕಳೆಯಬೇಕೆಂದಿದ್ದ. ಏಳು ವರ್ಷದ ಮೇಲೂ, ಆ ನೀರನ್ನು ಕಳೆದು, ನಮ್ಮ ನಾಲ್ಕೂರಿನ ನಿಜವಾದ ಗೆರೆ ಎಲ್ಲಿ ನಿಲ್ಲುತ್ತಿತ್ತೆಂದು ನೋಡಬೇಕೆಂದಿದ್ದ.

"ಅಳೆದಿಟ್ಟಿಲ್ಲ ಕಣೋ," ಎಂದೆ.

"ಅಂದಾಜು ಹೇಳು. ಎಪ್ಪತ್ತೆಂಟರಾಗೆ? ಎಂಬತ್ತರಾಗೆ?"

ಈಗ ಅವನ ಕಣ್ಣು ನನ್ನ ಮೇಲಿತ್ತು. ಒಂದು ಅಂಕಿ ಕೊಟ್ಟರೆ ಸಾಕಿತ್ತು, ಆ ಮುಖಕ್ಕೆ ಒಂದಿಷ್ಟು ಸಮಾಧಾನ ಬರುತ್ತಿತ್ತು. ಅಂಕಿ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು — ಎಷ್ಟು ಸುಲಭವಾಗಿ ಬರುತ್ತದೆ ಅದು! ಹಲ್ಲು ಕಚ್ಚಿ ತಡೆದೆ.

"ನಂಗೆ ಗೊತ್ತಿಲ್ಲ ಹಾಲೇಶಿ," ಎಂದೆ.